ಭಾರವಾದ ನೊಗ: ರೆಹಬ್ಬಾಮನೂ ಮೈಸೂರಿನ ಇಬ್ಬರು ಒಡೆಯರೂ

ತಂದೆಯಾದ ಸೊಲೊಮೋನನು ಹೇರಿದ್ದ ನೊಗವನ್ನು ಹಗುರ ಮಾಡೆಂದು ಪ್ರಜೆಗಳು ರೆಹಬ್ಬಾಮನನ್ನು ಬೇಡಿದರೆಂದು ಹಳೆಯ ಒಡಂಬಡಿಕೆ ಹೇಳುತ್ತದೆ. ಪ್ರಜೆಗಳಿಗೆ ಸೇವಕನಾಗೆಂದ ಹಿರಿಯರ ಮಾತನ್ನು ಅವನು ತಳ್ಳಿಹಾಕಿದನು. ಹತ್ತು ಕುಲಗಳು ಸಿಡಿದು ಬೇರೆಯಾದುವು. ಒಡೆತನವೆಂದರೆ ಸೇವೆಯೆಂಬುದು ಕ್ರೈಸ್ತ ಬೋಧಕರು ಇದರಿಂದ ತೆಗೆಯುವ ಪಾಠ.

ಇದನ್ನು ನಾವು ಮೈಸೂರಿನ ಚರಿತ್ರೆಯೊಡನೆ ಹೋಲಿಸಿ ನೋಡಬಹುದು. ಪಟ್ಟವೇರುವ ಮುನ್ನ ಗುಂಡ್ಲುಪೇಟೆಯ ಬಳಿಯ ಹಂಗಳದಲ್ಲಿ ನಿರ್ಬಂಧದಲ್ಲಿದ್ದ ಚಿಕ್ಕದೇವರಾಜ ಒಡೆಯರ ಆಳ್ವಿಕೆಯಲ್ಲಿ (೧೬೭೩–೧೭೦೪) ಕಂದಾಯದ ಭಾರಕ್ಕೆ ರೈತರು ದಂಗೆಯೆದ್ದರು. ದಂಗೆ ಅಡಗಿತು, ರಾಜ್ಯ ಉಳಿಯಿತು. ೧೮೧೮ರಲ್ಲಿ ಅರಿಕುಠಾರಕ್ಕೆ ತಂದೆಯ ಹೆಸರಿತ್ತು ಚಾಮರಾಜನಗರವೆನಿಸಿದವರು ಮುಮ್ಮಡಿ ಕೃಷ್ಣರಾಜ ಒಡೆಯರು. ಮಲೆನಾಡಿನ ನಗರದಲ್ಲಿ ೧೮೩೦ರಲ್ಲಿ ರೈತರು ದಂಗೆಯೆದ್ದ ಮೇಲೆ, ೧೮೩೧ರಲ್ಲಿ ಬ್ರಿಟಿಷರು ಅವರ ಆಡಳಿತವನ್ನೇ ಕೈಗೆತ್ತಿಕೊಂಡರು.

ಆದುದರಿಂದ ಭಾರ ಹೇರಿದ ಅರಸನು ರಾಜ್ಯ ಕಳೆದುಕೊಳ್ಳುವನೆಂಬ ನಿಯಮವನ್ನು ಚರಿತ್ರೆ ಕೊಡುವುದಿಲ್ಲ. ಪ್ರಜೆಯ ಮೊರೆಗೆ ಕಾಲದಲ್ಲಿ ಕಿವಿಗೊಡದಿದ್ದರೆ ಅದು ದಂಗೆಯಾಗುವುದೆಂಬುದು ಮಾತ್ರ ಮೂರರಲ್ಲಿಯೂ ಸಮಾನ.