ಫ್ಲಾರಿಡಾದ ಮರಳುನೆಲದಲ್ಲಿ ತಾಮ್ರ: ಕೃಷಿಚರಿತ್ರೆಯ ಒಂದು ವಿಚಾರ

ಚರಿತ್ರೆಯನ್ನು ಅಭ್ಯಸಿಸುವವರು ಆಧಾರವೆಂದು ಹಿಡಿಯುವುದು ಸಾಮಾನ್ಯವಾಗಿ ಶಾಸನಗಳನ್ನು, ಕಡತಗಳನ್ನು. ನೆಲದ ಮೇಲ್ಪದರವೂ ಒಂದು ಕಡತವಾಗಬಲ್ಲುದೆಂಬುದು ಅಮೆರಿಕದ ಫ್ಲಾರಿಡಾ ರಾಜ್ಯದ ಕಿತ್ತಳೆ ತೋಟಗಳನ್ನು ಕುರಿತು ವಿಚಾರ ಮಾಡುವಾಗ ನಮಗೆ ಮನದಟ್ಟಾಯಿತು. ಅಲ್ಲಿ ತಾಮ್ರದ ಕೊರತೆ ಮೊದಲು ಬಂದಿತು, ತಾಮ್ರದ ವಿಷ ಅನಂತರ ಬಂದಿತು. ಇವೆರಡೂ ಒಂದೇ ಚರಿತ್ರೆಯೆಂಬುದು ನಮ್ಮ ಅಭಿಪ್ರಾಯ.

1894ರ ಡಿಸೆಂಬರ್ ಹಾಗೂ 1895ರ ಫೆಬ್ರುವರಿ ತಿಂಗಳುಗಳ ಘೋರವಾದ ಚಳಿಗೆ ಉತ್ತರದ ತೋಟಗಳು ಸೀದುಹೋದುವು. ಬೆಳೆಗಾರರು ದಕ್ಷಿಣಕ್ಕೆ ಸರಿದು, ನಡುನಾಡಿನ ಮರಳುದಿಬ್ಬಗಳ ಮೇಲೆ ಗಿಡ ನೆಟ್ಟರು. ಆ ನೆಲ ಬಹುಪಾಲು ಬೆಣಚುಕಲ್ಲಿನ ಮರಳು, ಜೇಡಿ ಅತ್ಯಲ್ಪ. ಬಿದ್ದ ಮಳೆ ನಿಲ್ಲದೆ ಇಳಿದುಹೋಗುತ್ತದೆ. ಇಂತಹ ನೆಲದಲ್ಲಿ ರೆಂಬೆಗಳು ತುದಿಯಿಂದ ಒಣಗಿ, ತೊಗಟೆಯಡಿ ಅಂಟು ತುಂಬಿ, ಹಣ್ಣುಗಳ ಮೇಲೆ ಕಂದುಕಲೆ ಮೂಡುವ ರೋಗವಿತ್ತು. ಮೈಲುತುತ್ತ ಹಾಕಿದರೆ ಮರ ಚಿಗುರುತ್ತಿತ್ತು. ರೋಗದ ಮೂಲ ತಾಮ್ರದ ಕೊರತೆಯೇ ಆಗಿತ್ತು. ಹೀಗೆ ಗೊಬ್ಬರದಲ್ಲಿ ತಾಮ್ರ ಸೇರಿತು. ಇದಲ್ಲದೆ, ಶಿಲೀಂಧ್ರರೋಗಗಳಿಗೆಂದು ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಸಿಂಪಡಿಸುತ್ತಿದ್ದರು. (ಲೆಸ್ಲಿ ಕೋಲ್ಮನ್ ಅವರು ಮೈಸೂರು ಸಂಸ್ಥಾನದಲ್ಲಿ ಅಡಕೆಯ ಕೊಳೆರೋಗಕ್ಕೆ ಬಳಕೆಗೆ ತಂದುದೂ ಇದೇ ದ್ರಾವಣ, ಮಲೆನಾಡಿನವರಿಗೆ ಅದರ ಪರಿಚಯ ಬೇಕಿಲ್ಲ.)

ಹಾಕಿದ ತಾಮ್ರ ಎಲ್ಲಿಗೆ ಹೋಯಿತು? ಮರಳು ಎಲ್ಲವನ್ನೂ ಸೋರಗೊಡುವುದರಿಂದ ಇದೂ ಸೋರಿಹೋಗಿರಬೇಕೆಂದು ಯಾರಿಗಾದರೂ ತೋರುವುದು ಸಹಜ. ಆದರೆ ಎಲೆ ಬೇರುಗಳು ಕೊಳೆತುಂಟಾದ ಕಪ್ಪಂಶವು ತಾಮ್ರವನ್ನು ಬಹು ಬಿಗಿಯಾಗಿ ಹಿಡಿಯುತ್ತದೆ. ಜೇಡಿಮಣ್ಣಿನಲ್ಲಿ ಹಿಡಿಯುವವರು ಹಲವರು. ಮರಳಿನಲ್ಲಿ ಈ ಕಪ್ಪಂಶವೊಂದೇ ಮುಖ್ಯ, ಅದೂ ಮೇಲಿನ ಅರ್ಧ ಅಡಿಯಲ್ಲಿ. ಮರವು ಉಣ್ಣುವ ಸಣ್ಣ ಬೇರುಗಳಿರುವುದೂ ಅಲ್ಲಿಯೇ. ಹಣ್ಣಿನೊಡನೆ ಹೊರಹೋಗುವ ತಾಮ್ರ ಅತ್ಯಲ್ಪವಾದುದರಿಂದ ವರ್ಷವರ್ಷದ ತಾಮ್ರ ಅಲ್ಲಿ ಕೂಡುತ್ತ ಬಂದಿತು. ಹಿಡಿಯುವ ಶಕ್ತಿಗೆ ಮಿತಿಯಿದೆ. ಗಂಧಕ ಹಾಗೂ ಅಮೋನಿಯಾ ಗೊಬ್ಬರಗಳಿಂದ ನೆಲ ಹುಳಿಯಾದಂತೆ ಹಿಡಿತ ಸಡಿಲಿ, ತಾಮ್ರ ಮಣ್ಣಿನ ನೀರಿಗೆ ಬಿಡುಗಡೆಯಾಗುತ್ತದೆ. ಸ್ವಲ್ಪ ಭಾಗ ಮಳೆನೀರಿನೊಡನೆ ಕೆಳಗೂ ಇಳಿಯುತ್ತದೆ. ಬೇರುಗಳು ಮೊಂಡಾಗುತ್ತವೆ, ಕಬ್ಬಿಣವನ್ನು ಹೀರಲಾರವು. ಎಲೆಯ ನರಗಳು ಹಸುರಾಗುಳಿದು ಮಿಕ್ಕ ಭಾಗ ಹಳದಿಯಾಗುತ್ತದೆ.

ಇಲ್ಲಿಯೇ ಮೋಸವಿರುವುದು. ಅತಿಯಾದುದರ ಲಕ್ಷಣ ಮತ್ತೊಂದರ ಕೊರತೆಯಂತೆ ಕಾಣಿಸಿತು. 1950ರ ದಶಕದ ಆರಂಭದಲ್ಲಿ ವಾಲ್ಟರ್ ರ್ಯೂತರ್ ಮತ್ತು ಪಾಲ್ ಸ್ಮಿತ್ ಅವರು ಈ ಹಳದಿಗೂ ಮೇಲ್ಮಣ್ಣಿನಲ್ಲಿ ಕೂಡಿದ ತಾಮ್ರಕ್ಕೂ ಇರುವ ಸಂಬಂಧವನ್ನು ತೋರಿಸಿಕೊಟ್ಟರು. ಸುಣ್ಣ ಹಾಕಿ ಹುಳಿ ತಗ್ಗಿಸುವುದೇ ಪರಿಹಾರವಾಯಿತು. ಇದರಿಂದ ತಾಮ್ರ ಮತ್ತೆ ಬಂಧಿತವಾಗುವುದೇ ಹೊರತು ನೆಲ ಬಿಟ್ಟು ಹೋಗುವುದಿಲ್ಲ. ಬೆಳೆಗಾರರನ್ನು ಅವಿವೇಕಿಗಳೆನ್ನಲು ನಾವು ಸಿದ್ಧರಿಲ್ಲ. ಸಾಯುವ ಮರ ಬದುಕಿದ್ದನ್ನು ಅವರು ಕಣ್ಣಾರೆ ಕಂಡಿದ್ದರು. ಗೊಬ್ಬರದ ಚೀಲವನ್ನು ಎಣಿಸುವವನು ಆಯಾ ವರ್ಷದ್ದನ್ನು ಎಣಿಸುತ್ತಾನೆಯೇ ಹೊರತು ಮೂವತ್ತು ವರ್ಷದ್ದನ್ನಲ್ಲ.

1983, 1985 ಮತ್ತು 1989ರ ಚಳಿಗಳಿಗೆ ಆ ದಿಬ್ಬಗಳ ಎಷ್ಟೋ ತೋಟಗಳು ಅಳಿದು, ಹಲವೆಡೆ ಮನೆಗಳು ಎದ್ದಿವೆ. ಉಳಿದ ತೋಟಗಳಲ್ಲಿ ಕ್ಯಾಂಕರ್ ರೋಗಕ್ಕೆ ಇಂದಿಗೂ ತಾಮ್ರವನ್ನೇ ಸಿಂಪಡಿಸುತ್ತಾರೆ.