ಪೌಂಡ್ ಚಿಹ್ನೆಯೊಳಗಿನ ‘ನ’

ದೆಹಲಿಯ ಬಹದ್ದೂರ್ ಷಾ ಜಫರ್ ಮಾರ್ಗದಲ್ಲಿ ಮಾನಕ ಭವನವಿದೆ. ಪ್ರೆಶರ್ ಕುಕ್ಕರಿನ ಮೇಲಿನ ಐಎಸ್‌ಐ ಗುರುತು ಅಲ್ಲಿನ ಭಾರತೀಯ ಮಾನಕ ಬ್ಯೂರೋದ್ದು. ಕಂಪ್ಯೂಟರಿನಲ್ಲಿ ‘ಕ’ ಅಕ್ಷರಕ್ಕೆ ಯಾವ ಸಂಖ್ಯೆ ಎಂದು 1991ರಲ್ಲಿ ಗೊತ್ತುಮಾಡಿದ್ದೂ ಇದೇ ಸಂಸ್ಥೆ. ಇಸ್ಕಿ ಎಂಬ ಆ ಮಾನಕದಲ್ಲಿ ಕನ್ನಡದ ‘ಕ’ಕ್ಕೂ ಹಿಂದಿಯ ‘ಕ’ಕ್ಕೂ ಒಂದೇ ಸಂಖ್ಯೆ. ಲಿಪಿ ಬದಲಿಸಿದರೆ ಸಾಕು, ಅದೇ ಬರಹ ಇನ್ನೊಂದು ಲಿಪಿಯಲ್ಲಿ ಕಾಣುತ್ತಿತ್ತು. ಅಂದಿನ ಕಾಲಕ್ಕೆ ಜಾಣ ಏರ್ಪಾಡು.

ಆದರೆ ಅದೇ ಊರಿನ ಕನ್ನಡಿಗರ ಮನೆಗಳಿಗೆ ಆ ಸಂಖ್ಯೆ ಬಹುಕಾಲ ತಲುಪಲಿಲ್ಲ. ಡಾಸ್ ಯಂತ್ರದ ತೆರೆಗೆ ಒತ್ತಕ್ಷರ ಕೂಡಿಸುವುದು ಗೊತ್ತಿರಲಿಲ್ಲ. ಐಐಟಿ ಕಾನ್ಪುರದಲ್ಲಿ ಹುಟ್ಟಿ ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ ಜಿಸ್ಟ್ ಕಾರ್ಡು ಇದಕ್ಕೊಂದು ಉಪಾಯ. ಡಬ್ಬಿ ಬಿಚ್ಚಿ ಕಾರ್ಡು ಸಿಕ್ಕಿಸಿದರೆ ವರ್ಡ್‌ಸ್ಟಾರ್‌ನಲ್ಲೂ ಕನ್ನಡ ಬರೆಯಬಹುದಿತ್ತು. ಆದರೆ ಅದು ಕಚೇರಿಯ ಸರಕು, ಮನೆಯದಲ್ಲ.

ಮನೆಗೆ ಕನ್ನಡ ಬಂದದ್ದು ವಿಂಡೋಸ್ ಜೊತೆಗೆ. 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ‘ಬರಹ’ವನ್ನು ಉಚಿತವಾಗಿ ಹಂಚಿದರು. ಕೆಲವೇ ವರ್ಷಗಳಲ್ಲಿ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂತು. ನೆಹರು ಪ್ಲೇಸ್‌ನಲ್ಲಿ ಜೋಡಿಸಿ ತಂದ ಕಂಪ್ಯೂಟರಿಗೆ ಕಾರ್ಡೂ ಬೇಕಿಲ್ಲ, ಕನ್ನಡ ಕೀಬೋರ್ಡೂ ಬೇಕಿಲ್ಲ. ಕೆ.ಪಿ. ರಾವ್ ರೂಪಿಸಿದ ವಿನ್ಯಾಸದಲ್ಲಿ ಇಂಗ್ಲಿಷಿನ ಕೆ ಒತ್ತಿದರೆ ‘ಕ’, ಶಿಫ್ಟ್ ಹಿಡಿದು ಒತ್ತಿದರೆ ‘ಖ’. ಇಷ್ಟು ಸುಲಭವಾದದ್ದೇ ಜನ ಊರಿಗೆ ಕನ್ನಡದಲ್ಲಿ ಪತ್ರ ಬರೆಯಲು ಕಾರಣ ಎಂದು ನನಗನಿಸುತ್ತದೆ.

ತೊಡಕಿದ್ದದ್ದು ಫಾಂಟಿನಲ್ಲಿ. ನುಡಿಯ ಹಳೆಯ ಕಡತದಲ್ಲಿ ‘ಕನ್ನಡ’ ಎಂದು ಬರೆದರೆ ಒಳಗೆ ಉಳಿಯುವುದು ಕನ್ನಡವಲ್ಲ: ಇಂಗ್ಲಿಷಿನ ಪಿ, ಬ್ರಿಟನ್ನಿನ ಪೌಂಡ್ ಚಿಹ್ನೆ, ಜರ್ಮನರ ಜೋಡಿ ಎಸ್, ಇನ್ನೊಂದು ಕ್ಯೂ, ನಡುನಡುವೆ ತಲೆಯ ಮೇಲೆ ಗೀರಿರುವ ಎ. ಫಾಂಟು ಇವಕ್ಕೆ ಕನ್ನಡದ ವೇಷ ಹಾಕುತ್ತದೆ. ಪೌಂಡ್ ಚಿಹ್ನೆಯೂ ಗೀರಿನ ಎಯೂ ಸೇರಿದರೆ ‘ನ’. ಮೈಸೂರಿನ ಕಂಪ್ಯೂಟರಿನಲ್ಲಿ ಆ ಫಾಂಟು ಇಲ್ಲದಿದ್ದರೆ ದೆಹಲಿಯಿಂದ ಬಂದ ಪತ್ರ ವೇಷ ಕಳಚಿ ನಿಲ್ಲುತ್ತಿತ್ತು.

ಯೂನಿಕೋಡ್ ತನ್ನ ಭಾರತೀಯ ಅಕ್ಷರಗಳ ಸಾಲನ್ನು ಇಸ್ಕಿಯ 1988ರ ಆವೃತ್ತಿಯಿಂದ ಪಡೆಯಿತು. ಹೀಗೆ ದೆಹಲಿಯ ಕೆಲಸ ಅಮೆರಿಕ ಸುತ್ತಿ, 2001ರ ವಿಂಡೋಸ್ ಎಕ್ಸ್‌ಪಿಯೊಳಗೆ ದೆಹಲಿಯ ಮನೆಗಳಿಗೇ ಮರಳಿತು. ಕಂಟ್ರೋಲ್ ಪ್ಯಾನೆಲ್ಲಿನಲ್ಲಿ ಒಂದು ಚೌಕಕ್ಕೆ ಗುರುತು ಹಾಕಿ, ಕೇಳಿದಾಗ ಸಿ.ಡಿ. ಹಾಕಿದರೆ, ಬರಿಯ ನೋಟ್‌ಪ್ಯಾಡ್‌ನಲ್ಲೂ ಕನ್ನಡ ಮೂಡುತ್ತಿತ್ತು. ಸಿ.ಡಿ. ಎಲ್ಲಿಟ್ಟಿದ್ದೇವೆ ಎಂಬುದು ಬೇರೆ ಮಾತು.

ಅದಕ್ಕೂ ಹಿಂದಿನ ಪತ್ರಗಳ ಗತಿ? ಪರಿವರ್ತಕಗಳಿವೆ. ಆದರೆ ಫಾಂಟಿನ ಗುರುತು ಕಳೆದುಕೊಂಡ ಕಡತದಲ್ಲಿ ವಿಳಾಸದ ಇಂಗ್ಲಿಷ್ ಪಿ ಯಾವುದು, ‘ಕ’ದ ಪಿ ಯಾವುದು ಎಂದು ಅವಕ್ಕೆ ತಿಳಿಯದು. ಅಟ್ಟದ ಮೇಲಿನ ಹಳೆಯ ಯಂತ್ರವನ್ನು ಗುಜರಿಗೆ ಕೊಡುವ ಮೊದಲು ಪತ್ರಗಳ ಜೊತೆಗೆ ಆ ಫಾಂಟನ್ನೂ, ನುಡಿ ಅಥವಾ ಬರಹದ ಸೆಟಪ್ ಕಡತವನ್ನೂ ನಕಲು ಮಾಡಿಟ್ಟುಕೊಳ್ಳಿ.