‘ಪೇಮೆಂಟ್ ಸಕ್ಸೆಸ್’ ಸ್ಕ್ರೀನ್‌ಶಾಟ್ ನಂಬಬಹುದೇ? ಆ್ಯಪ್‌ನ ಮುಖ ಬೇರೆ, ಲೆಕ್ಕ ಬೇರೆ

“ದುಡ್ಡು ಹಾಕಿದ್ದೀನಿ, ಸ್ಕ್ರೀನ್‌ಶಾಟ್ ನೋಡಿ.” ವಿಜಯನಗರದ ತರಕಾರಿ ಅಂಗಡಿಯಲ್ಲಿ, ಕೆಂಗೇರಿಯ ಬೇಕರಿಯಲ್ಲಿ ದಿನವೂ ಕೇಳಿಬರುವ ಮಾತಿದು. ಹಸಿರು ಟಿಕ್, ಮೊತ್ತ, ಸಮಯ ಎಲ್ಲ ಸರಿಯಾಗಿಯೇ ಕಾಣುತ್ತದೆ. ಆದರೆ ರಾತ್ರಿ ಲೆಕ್ಕ ಹಾಕುವಾಗ ಆ ಹಣ ಖಾತೆಗೆ ಬಂದೇ ಇಲ್ಲ ಎಂದು ಗೊತ್ತಾಗುವುದುಂಟು. ಪರೀಕ್ಷೆಯ ಅಂಕ, ಬ್ಯಾಂಕ್ ಬಾಕಿ, ಕರೆಂಟ್ ಬಿಲ್ ಎಂದು ಗ್ರೂಪ್‌ಗಳಿಗೆ ಬರುವ ಚಿತ್ರಗಳ ಕಥೆಯೂ ಇಷ್ಟೇ. ಅವನ್ನು ಎಷ್ಟು ನಂಬಬಹುದು?

ಚಿಕ್ಕ ಉತ್ತರ: ಸ್ಕ್ರೀನ್‌ಶಾಟ್ ಪುರಾವೆ ಅಲ್ಲ. ಪರದೆಯ ಮೇಲೆ ಕಾಣುವುದು ಆ್ಯಪ್‌ನ ಮುಖ ಮಾತ್ರ. ಲೆಕ್ಕ ಇರುವುದು ಬೇರೆ ಕಡೆ, ಸರ್ವರ್‌ನಲ್ಲಿ. ವೆಬ್‌ಸೈಟ್ ಕಟ್ಟುವವರು ಈ ಎರಡನ್ನೂ ಬೇಕೆಂದೇ ಬೇರೆ ಬೇರೆ ಇಡುತ್ತಾರೆ.

ದರ್ಶಿನಿ ಹೋಟೆಲಿನ ಉದಾಹರಣೆ

ರಾಜಾಜಿನಗರದ ಯಾವುದೇ ದರ್ಶಿನಿಗೆ ಹೋಗಿ. ಗೋಡೆಯ ಮೇಲೆ ದರಪಟ್ಟಿ ಇರುತ್ತದೆ. ಕೌಂಟರಿನಲ್ಲಿ ಹಣ ಕೊಟ್ಟು ಟೋಕನ್ ಪಡೆಯುತ್ತೀರಿ, ಅದನ್ನು ಒಳಗೆ ಕೊಟ್ಟರೆ ದೋಸೆ ಬರುತ್ತದೆ. ಬೋರ್ಡಿಗೆ ಹೊಸ ಬಣ್ಣ ಬಳಿದರೂ, ಕನ್ನಡದ ಜೊತೆ ಇಂಗ್ಲಿಷ್ ಸೇರಿಸಿದರೂ ದೋಸೆಯ ರುಚಿ ಬದಲಾಗುವುದಿಲ್ಲ. ಭಟ್ಟರು ಹಿಟ್ಟಿನ ಹದ ಬದಲಿಸಿದರೆ ಬೋರ್ಡು ಬದಲಿಸಬೇಕಾಗಿಲ್ಲ. ಇನ್ನು ಯಾರೋ ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ‘ಮಸಾಲೆ ದೋಸೆ 5 ರೂಪಾಯಿ’ ಎಂದು ಬರೆದರೂ ಕ್ಯಾಷಿಯರ್ ಆ ದರಕ್ಕೆ ಕೊಡುವುದಿಲ್ಲ.

ವೆಬ್‌ಸೈಟಿನಲ್ಲಿ ಬಣ್ಣ, ಬಟನ್, ಅಕ್ಷರ, ಭಾಷೆ ಎಲ್ಲ ಬೋರ್ಡಿದ್ದಂತೆ. ದರ ಎಷ್ಟು, ಹಣ ಬಂತೇ, ಟಿಕೆಟ್ ಕೊಡಬಹುದೇ ಎಂದು ತೀರ್ಮಾನಿಸುವ ಭಾಗ ಕೌಂಟರ್ ಮತ್ತು ಅಡುಗೆಮನೆ ಇದ್ದಂತೆ. ಮೊದಲನೆಯದನ್ನು ತೋರಿಕೆ ಎನ್ನೋಣ, ಎರಡನೆಯದನ್ನು ತರ್ಕ.

ನಮ್ಮ ಮೆಟ್ರೊದಲ್ಲೇ ನೋಡಿ

ನೇರಳೆ ಮಾರ್ಗ ಕೆಂಗೇರಿ ತಲುಪಿದ್ದು 2021ರ ಆಗಸ್ಟ್‌ನಲ್ಲಿ. ಆಗ ಟೋಕನ್ ಇಲ್ಲವೇ ಸ್ಮಾರ್ಟ್ ಕಾರ್ಡ್ ಬೇಕಿತ್ತು. 2022ರ ನವೆಂಬರ್ 1ರಂದು ಕ್ಯೂಆರ್ ಟಿಕೆಟ್ ಶುರುವಾಯಿತು. ನಮ್ಮ ಮೆಟ್ರೊ ಆ್ಯಪ್‌ನಲ್ಲಿ ಅಥವಾ ವಾಟ್ಸ್ಆ್ಯಪ್ ಚಾಟ್‌ನಲ್ಲೇ ಟಿಕೆಟ್ ಕೊಳ್ಳಬಹುದಾಯಿತು. 2025ರಲ್ಲಿ ಒಎನ್‌ಡಿಸಿ ಜಾಲದ ಮೂಲಕ ನಮ್ಮ ಯಾತ್ರಿ, ರ‍್ಯಾಪಿಡೊ, ರೆಡ್‌ಬಸ್ ಮುಂತಾದ ಆ್ಯಪ್‌ಗಳಲ್ಲೂ ಸಿಗತೊಡಗಿತು.

ಇವುಗಳ ಮುಖ ಒಂದರಂತೆ ಒಂದಿಲ್ಲ. ಆದರೆ ವಿಜಯನಗರದಿಂದ ಮೆಜೆಸ್ಟಿಕ್‌ಗೆ ಹೋಗುವ ಪ್ರಯಾಣ ಒಂದೇ, ತೆರೆದುಕೊಳ್ಳುವ ಗೇಟೂ ಒಂದೇ. ತೋರಿಕೆ ಹಲವು, ಹಿಂದಿನ ಲೆಕ್ಕ ಒಂದು.

ಇದರಿಂದ ಏನು ಲಾಭ? 2025ರ ಫೆಬ್ರುವರಿ 9ರಂದು ಮೆಟ್ರೊ ದರ ಏರಿತು, ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಹೋಯಿತು. ಪ್ರಯಾಣಿಕರಿಂದ ಆಕ್ಷೇಪ ಬಂದ ಮೇಲೆ 14ರಿಂದ ಕೆಲವು ಹಂತಗಳ ದರ ಇಳಿಸಲಾಯಿತು. ಅಂದರೆ ಒಂದೇ ವಾರದಲ್ಲಿ ಎರಡು ಬದಲಾವಣೆ. ದರವನ್ನು ಪ್ರತಿ ಆ್ಯಪ್‌ನ ಪ್ರತಿ ಪುಟದಲ್ಲೂ ಬರೆದಿಡುವ ಪದ್ಧತಿಯಿದ್ದರೆ, ಒಂದು ಕಡೆ ಹೊಸ ದರ, ಇನ್ನೊಂದು ಕಡೆ ಮರೆತುಹೋದ ಹಳೆಯ ದರ ಎಂಬ ಗೊಂದಲ ಖಂಡಿತ. ದರ ಒಂದೇ ಜಾಗದಲ್ಲಿದ್ದು ಎಲ್ಲರೂ ಅಲ್ಲಿಂದಲೇ ಕೇಳಿ ಪಡೆದರೆ ಆ ತೊಂದರೆ ಇಲ್ಲ. ಕನ್ನಡದ ಪುಟ, ಇಂಗ್ಲಿಷ್ ಪುಟ ಎರಡನ್ನೂ ಒಂದೇ ಲೆಕ್ಕದ ಮೇಲೆ ನಡೆಸಲು ಸಾಧ್ಯವಾಗುವುದೂ ಹೀಗೆಯೇ.

ಈ ಯೋಚನೆ ಯಾರದು?

1979ರಲ್ಲಿ ನಾರ್ವೆಯ ಟ್ರಿಗ್ವೆ ರೀನ್‌ಸ್ಕೌಗ್ ಅಮೆರಿಕದ ಜೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿದ್ದಾಗ ಒಂದು ವಿನ್ಯಾಸ ಸೂಚಿಸಿದರು. ಅದರ ಹೆಸರು ಮಾಡೆಲ್-ವ್ಯೂ-ಕಂಟ್ರೋಲರ್, ಚಿಕ್ಕದಾಗಿ ಎಂವಿಸಿ. ಮಾಡೆಲ್ ಎಂದರೆ ಮಾಹಿತಿ ಮತ್ತು ಅದರ ನಿಯಮ, ವ್ಯೂ ಎಂದರೆ ಕಣ್ಣಿಗೆ ಕಾಣುವ ರೂಪ, ಕಂಟ್ರೋಲರ್ ಎಂದರೆ ಬಳಕೆದಾರರು ಒತ್ತಿದ್ದನ್ನು ಕೇಳಿಸಿಕೊಂಡು ಒಳಗೆ ತಿಳಿಸುವ ಭಾಗ. ಆಗ ವೆಬ್ ಇನ್ನೂ ಹುಟ್ಟಿರಲಿಲ್ಲ.

ವೆಬ್‌ನ ಮೊದಲ ವರ್ಷಗಳಲ್ಲಿ ಲೆಕ್ಕ, ಬಣ್ಣ ಎಲ್ಲವನ್ನೂ ಒಂದೇ ಕಡತದಲ್ಲಿ ಕಲಸಿ ಬರೆಯುವುದು ಸಾಮಾನ್ಯವಾಗಿತ್ತು. ಬಟನ್ ಸರಿಸಲು ಹೋದರೆ ಬಿಲ್ಲಿನ ಲೆಕ್ಕ ಕೆಡುವ ಅಪಾಯ. 2004ರಲ್ಲಿ ಬಂದ ರೂಬಿ ಆನ್ ರೈಲ್ಸ್, 2005ರಲ್ಲಿ ಬಂದ ಜಾಂಗೊ, 2011ರ ಲಾರಾವೆಲ್‌ನಂಥ ಫ್ರೇಮ್‌ವರ್ಕ್‌ಗಳು ಈ ಬೇರ್ಪಡೆಯನ್ನು ರೂಢಿಗೆ ತಂದವು. ಫ್ರೇಮ್‌ವರ್ಕ್ ಎಂದರೆ ಸೈಟ್ ಕಟ್ಟಲು ಬೇಕಾದ ಸಿದ್ಧ ಚೌಕಟ್ಟು. ಜಾಂಗೊದಲ್ಲಿ ಪುಟದ ರೂಪ ಬರೆಯುವ ಟೆಂಪ್ಲೇಟ್‌ಗೆ ಬೇಕೆಂದೇ ಕಡಿಮೆ ಅಧಿಕಾರ ಕೊಟ್ಟಿದ್ದಾರೆ. ಕೊಟ್ಟ ಮಾಹಿತಿಯನ್ನು ತೋರಿಸುವುದೇ ಅದರ ಮುಖ್ಯ ಕೆಲಸ.

ಹಾಗಾದರೆ ಮೋಸ ಎಲ್ಲಿ ನಡೆಯುತ್ತದೆ?

ತೋರಿಕೆಯ ಭಾಗ ಕೊನೆಗೆ ನಿಮ್ಮ ಫೋನಿಗೇ ಬಂದು ಸೇರುತ್ತದೆ. ನಿಮ್ಮ ಕೈಗೆ ಬಂದದ್ದನ್ನು ಯಾರು ಬೇಕಾದರೂ ಬದಲಿಸಬಹುದು. ಕಂಪ್ಯೂಟರಿನ ಕ್ರೋಮ್ ಬ್ರೌಸರ್‌ನಲ್ಲಿ ‘ಇನ್‌ಸ್ಪೆಕ್ಟ್’ ಎಂಬ ಸೌಲಭ್ಯವಿದೆ. ಅದನ್ನು ತೆರೆದು ಪುಟದ ಮೇಲಿನ 48 ಅಂಕವನ್ನು 98 ಎಂದು ತಿದ್ದಬಹುದು, ಬಾಕಿ 500 ರೂಪಾಯಿಯನ್ನು 5 ಲಕ್ಷ ಮಾಡಬಹುದು. ಪುಟವನ್ನು ಮತ್ತೆ ಲೋಡ್ ಮಾಡಿದರೆ ಹಳೆಯದೇ ಬರುತ್ತದೆ, ಏಕೆಂದರೆ ಸರ್ವರ್‌ನಲ್ಲಿ ಏನೂ ಬದಲಾಗಿಲ್ಲ. ಆದರೆ ನಡುವೆ ತೆಗೆದ ಸ್ಕ್ರೀನ್‌ಶಾಟ್ ಗ್ರೂಪಿನಿಂದ ಗ್ರೂಪಿಗೆ ಓಡುತ್ತಿರುತ್ತದೆ.

ಇಡೀ ಸೈಟಿನ ಮುಖವನ್ನೂ ಹೀಗೆಯೇ ನಕಲು ಮಾಡಬಹುದು. ಲೋಗೊ, ಬಣ್ಣ, ಅಕ್ಷರ ಸೇರಿ ಎಲ್ಲವೂ ಅಸಲಿಯಂತೆಯೇ ಕಾಣುವ ಪುಟ ಕಟ್ಟಲು ಹೆಚ್ಚು ಹೊತ್ತು ಬೇಡ. ನೀವು ತುಂಬಿದ ಮಾಹಿತಿ ಮಾತ್ರ ಕಳ್ಳರ ಕೈ ಸೇರುತ್ತದೆ.

ಕೆಲವು ನಂಬಿಕೆಗಳು, ನಿಜಾಂಶಗಳು

ನಂಬಿಕೆ: ಸ್ಕ್ರೀನ್‌ಶಾಟ್‌ನಲ್ಲಿ ವಹಿವಾಟಿನ ಸಂಖ್ಯೆ ಇದ್ದರೆ ಹಣ ಬಂದಿದೆ.
ನಿಜ: ಸಂಖ್ಯೆಯನ್ನೂ ಬರೆಯಬಹುದು. ಅದು ನಿಮ್ಮ ಆ್ಯಪ್ ಅಥವಾ ಬ್ಯಾಂಕ್ ಖಾತೆಯ ಪಟ್ಟಿಯಲ್ಲಿ ಕಂಡರೆ ಮಾತ್ರ ಹಣ ಬಂದಂತೆ.

ನಂಬಿಕೆ: ಬೇರೆಯವರ ಮೆಟ್ರೊ ಟಿಕೆಟ್ ಚಿತ್ರದಲ್ಲಿ ನಿಲ್ದಾಣದ ಹೆಸರು ತಿದ್ದಿಕೊಂಡು ಹೋಗಬಹುದು.
ನಿಜ: ಗೇಟ್ ಹೆಸರು, ಬಣ್ಣ ನೋಡುವುದಿಲ್ಲ. ಕ್ಯೂಆರ್ ಒಳಗಿನ ಮಾಹಿತಿಯನ್ನು ಪರಿಶೀಲಿಸುತ್ತದೆ.

ನಂಬಿಕೆ: ವಿಳಾಸದ ಪಕ್ಕ ಬೀಗದ ಗುರುತು ಇದ್ದರೆ ಸೈಟ್ ಅಸಲಿ.
ನಿಜ: ನಿಮ್ಮ ಫೋನಿಗೂ ಆ ಸೈಟಿಗೂ ನಡುವೆ ಮಾಹಿತಿ ಗುಟ್ಟಾಗಿ ಸಾಗುತ್ತದೆ ಎಂದಷ್ಟೇ ಅದರರ್ಥ. ನಕಲಿ ಸೈಟಿಗೂ ಬೀಗ ಇರಬಹುದು.

ನೀವು ಏನು ಮಾಡಬಹುದು?

- ಅಂಗಡಿಯವರಾದರೆ ಗ್ರಾಹಕರ ಫೋನ್ ನೋಡಬೇಡಿ, ನಿಮ್ಮ ಆ್ಯಪ್‌ನಲ್ಲಿ ಹಣ ಬಂದಿದೆಯೇ ನೋಡಿ. ನಿಮ್ಮದೇ ಸೌಂಡ್‌ಬಾಕ್ಸ್ ಹೇಳಿದರೂ ದೊಡ್ಡ ಮೊತ್ತಕ್ಕೆ ಒಮ್ಮೆ ಪಟ್ಟಿ ನೋಡುವುದು ಒಳ್ಳೆಯದು.
- ಹಣ ಪಡೆಯಲು ಯುಪಿಐ ಪಿನ್ ಬೇಕಿಲ್ಲ. ಯಾರಾದರೂ ಕೇಳಿದರೆ ಅಲ್ಲಿಗೇ ನಿಲ್ಲಿಸಿ.
- ಫಲಿತಾಂಶದ ಚಿತ್ರ ಬಂದರೆ ಫಾರ್ವರ್ಡ್ ಮಾಡಬೇಡಿ. ತಿದ್ದಿದ ಅಂಕಪಟ್ಟಿ ಒಂದು ಮಗುವಿನ ಮರ್ಯಾದೆ ಕಳೆಯಬಹುದು. ನೋಡಲೇಬೇಕಿದ್ದರೆ ಮಂಡಳಿಯ ಅಧಿಕೃತ ತಾಣದಲ್ಲಿ ಆ ವಿದ್ಯಾರ್ಥಿಯೇ ನೋಡಲಿ.
- ‘ಇಂದು ರಾತ್ರಿ ಕರೆಂಟ್ ಕಡಿತ, ಈ ನಂಬರಿಗೆ ಕರೆ ಮಾಡಿ’ ಎಂಬ ಸಂದೇಶಗಳು 2022ರಲ್ಲಿ ದೇಶದ ಹಲವೆಡೆ ಹರಿದಾಡಿದ್ದವು. ಇಂಥದ್ದು ಬಂದರೆ ಅದರಲ್ಲಿರುವ ನಂಬರ್ ಬಿಟ್ಟು ಬೆಸ್ಕಾಂ ಸಹಾಯವಾಣಿ 1912ಕ್ಕೆ ಕೇಳಿ.
- ಲಿಂಕ್ ಒತ್ತುವ ಮೊದಲು ವಿಳಾಸ ಓದಿ. ಮೊದಲ ಓರೆಗೆರೆಯ ಹಿಂದಿನ ಭಾಗದ ಕೊನೆ ಮುಖ್ಯ. ಕರ್ನಾಟಕ ಸರ್ಕಾರದ ಹೆಚ್ಚಿನ ತಾಣಗಳ ವಿಳಾಸ ಅಲ್ಲಿ ‘ಕರ್ನಾಟಕ ಡಾಟ್ ಗವ್ ಡಾಟ್ ಇನ್’ ಎಂದು ಮುಗಿಯುತ್ತದೆ.
- ಹಣ ಕಳೆದುಕೊಂಡರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಹಣವನ್ನು ತಡೆಹಿಡಿಯುವ ಅವಕಾಶ ಹೆಚ್ಚು.

ಮನೆಯಲ್ಲಿ ಅಂಗಡಿ ನಡೆಸುವವರಿದ್ದರೆ, ಹೊಸದಾಗಿ ಸ್ಮಾರ್ಟ್‌ಫೋನ್ ಹಿಡಿದ ಅಜ್ಜ ಅಜ್ಜಿ ಇದ್ದರೆ, ಈ ಒಂದು ಮಾತು ಹೇಳಿಕೊಡಿ: ಬೇರೆಯವರ ಪರದೆಯಲ್ಲಿ ಕಂಡದ್ದನ್ನು ನಿಮ್ಮ ಖಾತೆಯಲ್ಲಿ, ಅಸಲಿ ತಾಣದಲ್ಲಿ, ನೀವೇ ಒಮ್ಮೆ ನೋಡಿ ಖಚಿತಪಡಿಸಿಕೊಳ್ಳಿ.